ವೇಗ ಊರಿಗೆ ಬಂದಿದೆ, ಮನೆಯೊಳಗೆ ಬಂದಿದೆಯೇ?

(ದಾವಣಗೆರೆಯ ಶಾಮನೂರಿನಲ್ಲಿ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ನಮಗೆ ಕೊಟ್ಟಿರುವ ವಿಷಯ ಮೊಬೈಲ್. ಈ ವಿಷಯದ ಮೇಲೆ ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಭಾಷಣಗಳು ನಡೆಯುತ್ತವೆ. ಮೊಬೈಲ್ ನಮ್ಮ ಮಕ್ಕಳನ್ನು ಹಾಳು ಮಾಡಿತು ಎಂಬುದು ಒಂದು. ಮೊಬೈಲ್ ಇಲ್ಲದವನು ಈ ಯುಗದಲ್ಲಿ ಬದುಕಲಾರ ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಿದ ತಂದೆ ಮನೆಗೆ ಹೋಗಿ ಮಗಳ ಕೈಯಿಂದ ಫೋನ್ ಕಿತ್ತುಕೊಳ್ಳುತ್ತಾನೆ. ಎರಡನೆಯದನ್ನು ಕೇಳಿದ ತಂದೆ ಮಗನಿಗೆ ಹೊಸ ಫೋನ್ ಕೊಡಿಸುತ್ತಾನೆ. ವಿಪರ್ಯಾಸವೆಂದರೆ, ಅನೇಕ ಮನೆಗಳಲ್ಲಿ ಈ ಇಬ್ಬರೂ ಒಬ್ಬನೇ ತಂದೆಯಾಗಿರುತ್ತಾನೆ. ಆದ್ದರಿಂದ ಆ ಎರಡೂ ಭಾಷಣಗಳನ್ನು ಬದಿಗಿಟ್ಟು, ಈ ವೇಗದ ನೆಟ್‌ವರ್ಕ್ ಜಗತ್ತಿನಲ್ಲಿ ಹೇಗೆ ಹರಡಿತು, ನಮ್ಮ ಊರಿಗೆ ಹೇಗೆ ಬಂತು ಮತ್ತು ಅದರ ಕೀಲಿಕೈ ಯಾರ ಕೈಯಲ್ಲಿದೆ ಎಂಬುದನ್ನು ಸ್ವಲ್ಪ ನೋಡೋಣ.

ನಾವು ಮದರಸಾದ ವಸತಿ ನಿಲಯದಲ್ಲಿ ಓದುತ್ತಿದ್ದ ಕಾಲದಲ್ಲಿ ಮನೆಯವರ ಧ್ವನಿ ಕೇಳಬೇಕಾದರೆ ಶುಕ್ರವಾರದವರೆಗೆ ಕಾಯಬೇಕಿತ್ತು. ಜುಮಾ ನಮಾಝ್ ಮುಗಿದ ಬಳಿಕ ರಸ್ತೆ ಬದಿಯ ಎಸ್‌ಟಿಡಿ ಬೂತ್‌ನ ಮುಂದೆ ಹುಡುಗರ ಸಾಲು ನಿಲ್ಲುತ್ತಿತ್ತು. ಗಾಜಿನ ಗೂಡಿನೊಳಗೆ ನಿಂತು ತಾಯಿಯೊಂದಿಗೆ ಮಾತಾಡುವಾಗಲೂ ಕಣ್ಣು ಮೀಟರಿನ ಕೆಂಪು ಅಂಕಿಗಳ ಮೇಲೆಯೇ ಇರುತ್ತಿತ್ತು. ಹೇಳಬೇಕಾದ ಮಾತು ಅರ್ಧದಲ್ಲಿರುವಾಗಲೇ ಕೈಯಲ್ಲಿದ್ದ ಚಿಲ್ಲರೆ ಮುಗಿಯುತ್ತಿತ್ತು. ಇಂದು ಅದೇ ವಯಸ್ಸಿನ ಹುಡುಗ ದುಬೈಯಲ್ಲಿರುವ ಮಾವನ ಮದುವೆ ಮನೆಯ ಚಿತ್ರಗಳನ್ನು ಅಂಗೈಯಲ್ಲಿ ನೋಡುತ್ತಾನೆ. ಇಷ್ಟು ದೊಡ್ಡ ಬದಲಾವಣೆ ಒಂದೇ ತಲೆಮಾರಿನೊಳಗೆ ನಡೆದಿದೆ.

ತಲೆಮಾರು ಎಂದೆವು. 2ಜಿ, 3ಜಿ, 4ಜಿ, 5ಜಿ ಎನ್ನುವಾಗ ಆ 'ಜಿ' ಅಕ್ಷರದ ಅರ್ಥವೂ ತಲೆಮಾರು ಎಂದೇ. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತಾದಿಂದ ದಿಲ್ಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಂದಿಗೆ ಮಾತಾಡಿದರು. ಆಗ ಕರೆ ಮಾಡಿದವನೂ ಹಣ ಕೊಡಬೇಕಿತ್ತು, ಕರೆ ಸ್ವೀಕರಿಸಿದವನೂ ಕೊಡಬೇಕಿತ್ತು. ಒಳಬರುವ ಕರೆ ಉಚಿತವಾದದ್ದು 2003ರಲ್ಲಿ. ಬಡವನ ಕೈಗೆ ಮೊಬೈಲ್ ಬಂದದ್ದು ಅಲ್ಲಿಂದೀಚೆಗೆ ಎಂಬುದನ್ನು ಇಲ್ಲಿರುವ ಹಿರಿಯರು ಬಲ್ಲರು.

ಮೂರನೇ ತಲೆಮಾರಿನ ಸೇವೆಯನ್ನು ಜಗತ್ತಿನಲ್ಲಿ ಮೊದಲು ವಾಣಿಜ್ಯ ರೂಪದಲ್ಲಿ ಆರಂಭಿಸಿದ್ದು ಜಪಾನ್, 2001ರ ಅಕ್ಟೋಬರ್‌ನಲ್ಲಿ. ನಮ್ಮಲ್ಲಿ ಅದರ ತರಂಗಾಂತರದ ಹರಾಜು ನಡೆದದ್ದು 2010ರಲ್ಲಿ. ಸರಕಾರಿ ಕಂಪೆನಿಗಳು ಒಂದೆರಡು ವರ್ಷ ಮೊದಲು ಆರಂಭಿಸಿದ್ದರೂ ಖಾಸಗಿ ಕಂಪೆನಿಗಳ 3ಜಿ ನಮ್ಮ ಪೇಟೆಗಳಿಗೆ ಬಂದದ್ದು ಆ ಹರಾಜಿನ ನಂತರವೇ. ಅಂದರೆ ಜಪಾನಿಗಿಂತ ಸುಮಾರು ಒಂಬತ್ತು ವರ್ಷ ಹಿಂದೆ ನಾವಿದ್ದೆವು. ನಾಲ್ಕನೇ ತಲೆಮಾರು 2009ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೋ ನಗರಗಳಲ್ಲಿ ಆರಂಭವಾಯಿತು. 2012ರ ಏಪ್ರಿಲ್‌ನಲ್ಲಿ ಅದು ಕೋಲ್ಕತಾಕ್ಕೆ ಬಂತು, ಮರುತಿಂಗಳೇ ಬೆಂಗಳೂರಿಗೂ ಬಂತು. ಆದರೆ ಜನಸಾಮಾನ್ಯರ ಮನೆಗೆ ಅದು ನುಗ್ಗಿದ್ದು 2016ರ ಸೆಪ್ಟೆಂಬರ್ 5ರಂದು ಜಿಯೋ ಆರಂಭವಾದ ಮೇಲೆ.

ಐದನೇ ತಲೆಮಾರಿನ ಸೇವೆಯನ್ನು ದಕ್ಷಿಣ ಕೊರಿಯ 2019ರ ಏಪ್ರಿಲ್ 3ರಂದು ಆರಂಭಿಸಿತು. ಭಾರತದಲ್ಲಿ 2022ರ ಜುಲೈ ಕೊನೆಯಲ್ಲಿ ಆರಂಭವಾದ ಹರಾಜು ಆಗಸ್ಟ್ 1ಕ್ಕೆ ಮುಗಿದಾಗ ಕಂಪೆನಿಗಳು ಒಪ್ಪಿಕೊಂಡ ಮೊತ್ತ ಒಂದೂವರೆ ಲಕ್ಷ ಕೋಟಿ ರೂಪಾಯಿಗೂ ಮಿಗಿಲು. ಅದೇ ವರ್ಷ ಅಕ್ಟೋಬರ್ 1ರಂದು ದಿಲ್ಲಿಯಲ್ಲಿ ಉದ್ಘಾಟನೆಯಾಯಿತು. 2023ರ ಜನವರಿ 17ರಂದು ಜಿಯೋ ಕಂಪೆನಿ ಒಂದೇ ದಿನ ಸೇವೆ ಆರಂಭಿಸಿದ 16 ನಗರಗಳ ಪಟ್ಟಿಯಲ್ಲಿ ಶಿವಮೊಗ್ಗ, ಬೀದರ್, ಹೊಸಪೇಟೆ, ಗದಗ-ಬೆಟಗೇರಿಗಳೊಂದಿಗೆ ದಾವಣಗೆರೆಯ ಹೆಸರೂ ಇತ್ತು. ದಿಲ್ಲಿಗೂ ದಾವಣಗೆರೆಗೂ ನಡುವೆ ಇದ್ದದ್ದು ಕೇವಲ 108 ದಿನಗಳ ಅಂತರ.

ಈ ಅಲೆಗಳ ಸ್ವಭಾವವನ್ನೂ ಎರಡು ಮಾತಿನಲ್ಲಿ ತಿಳಿದುಕೊಳ್ಳುವುದು ಒಳ್ಳೆಯದು. ಮದುವೆ ಮೆರವಣಿಗೆ ದೂರದಲ್ಲಿರುವಾಗ ನಮ್ಮ ಕಿವಿಗೆ ಮೊದಲು ಬೀಳುವುದು ಡೋಲಿನ ದಪ್ಪ ಸದ್ದು. ಅದು ಗೋಡೆಯನ್ನೂ ದಾಟಿ ಬರುತ್ತದೆ. ಸನಾದಿಯ ಸಣ್ಣ ಸ್ವರ ಕೇಳಬೇಕಾದರೆ ಮೆರವಣಿಗೆ ನಮ್ಮ ಬೀದಿಗೇ ಬರಬೇಕು. ತರಂಗಾಂತರಗಳೂ ಹಾಗೆಯೇ. ಕಡಿಮೆ ಆವರ್ತನದ ಅಲೆ ದೂರ ಹೋಗುತ್ತದೆ, ಆದರೆ ಹೊರುವ ಭಾರ ಕಡಿಮೆ. ಹೆಚ್ಚಿನ ಆವರ್ತನದ ಅಲೆ ಬಹಳ ಮಾಹಿತಿಯನ್ನು ಹೊತ್ತು ತರುತ್ತದೆ, ಆದರೆ ಹತ್ತಿರದಲ್ಲೇ ಸುಸ್ತಾಗುತ್ತದೆ. ಆದ್ದರಿಂದ ವೇಗ ಹೆಚ್ಚಿದಷ್ಟೂ ಟವರ್‌ಗಳು ಹತ್ತಿರ ಹತ್ತಿರ ಬೇಕು, ಅವುಗಳಿಗೆ ನೆಲದಡಿಯ ಫೈಬರ್ ಕೇಬಲ್ ಬೇಕು. ಅಷ್ಟು ಖರ್ಚು ಮಾಡುವ ಕಂಪೆನಿ ಜನ ಸಾಂದ್ರವಾಗಿರುವ ನಗರಕ್ಕೆ ಮೊದಲು ಬರುತ್ತದೆ, ಗುಡ್ಡಗಾಡಿಗೆ ಕೊನೆಗೆ ಹೋಗುತ್ತದೆ. ಬಯಲುಸೀಮೆಯ ದಾವಣಗೆರೆಗೆ ಬೇಗ ಬಂದದ್ದು ಮಲೆನಾಡಿಗೆ ತಡವಾದದ್ದರ ಹಿಂದೆ ಈ ಲೆಕ್ಕಾಚಾರವೂ ಇದೆ.

ಮಾನ್ಯರೇ, ಇಲ್ಲಿಯವರೆಗೆ ಹೇಳಿದ್ದು ಸಂತೋಷದ ಕಥೆ. ದೇಶ ದೇಶಗಳ ನಡುವಿನ ಅಂತರ ಒಂಬತ್ತು ವರ್ಷಗಳಿಂದ ಮೂರೂವರೆ ವರ್ಷಗಳಿಗೆ ಇಳಿಯಿತು. ಆದರೆ ನೆಟ್‌ವರ್ಕ್ ಎಂಬುದು ಮಳೆಯಂತೆ ಎಲ್ಲರ ಮೇಲೂ ಒಂದೇ ಸಮನೆ ಬೀಳುವ ವಸ್ತುವಲ್ಲ. ಅದಕ್ಕೆ ಬಾಗಿಲಿದೆ, ಬಾಗಿಲಿಗೆ ಬೀಗವಿದೆ. ಆ ಬೀಗಕ್ಕೆ ಮೂರು ಕೀಲಿಕೈಗಳಿವೆ. ಒಂದು ಸರಕಾರದ ಕೈಯಲ್ಲಿ, ಒಂದು ಮಾರುಕಟ್ಟೆಯ ಕೈಯಲ್ಲಿ. ಮೂರನೆಯದು ಯಾರ ಕೈಯಲ್ಲಿದೆ ಎಂಬುದನ್ನು ಕೊನೆಗೆ ಹೇಳುತ್ತೇವೆ.

ಮೊದಲು ಸರಕಾರದ ಕೀಲಿಕೈ. 2019ರ ಆಗಸ್ಟ್ 5ರಂದು ಕಾಶ್ಮೀರದಲ್ಲಿ ಫೋನ್, ಇಂಟರ್‌ನೆಟ್ ಎಲ್ಲವೂ ಸ್ತಬ್ಧವಾದವು. 2020ರ ಜನವರಿ ಕೊನೆಯಲ್ಲಿ ಮೊಬೈಲ್ ಇಂಟರ್‌ನೆಟ್ ಮರಳಿದಾಗ ಬಂದದ್ದು 2ಜಿ ಮಾತ್ರ. ಇಡೀ ಜಮ್ಮು-ಕಾಶ್ಮೀರದಲ್ಲಿ 4ಜಿ ಮತ್ತೆ ಆರಂಭವಾದದ್ದು 2021ರ ಫೆಬ್ರವರಿ 5ರಂದು, ಸರಿಯಾಗಿ ಹದಿನೆಂಟು ತಿಂಗಳ ನಂತರ. ಕೊರೋನಾ ಬಂದದ್ದು ಇದೇ ಅವಧಿಯಲ್ಲಿ. ಚಿಕಿತ್ಸೆಯ ಮಾರ್ಗಸೂಚಿಗಳನ್ನು ಇಳಿಸಿಕೊಳ್ಳಲು ಗಂಟೆಗಟ್ಟಲೆ ಕಾಯಬೇಕಾಗಿದೆ ಎಂದು ಅಲ್ಲಿನ ವೈದ್ಯರು ದೂರಿಕೊಂಡರು. ದೇಶದ ಇತರೆಡೆಯ ಮಕ್ಕಳು ಪರದೆಯ ಮೇಲೆ ಪಾಠ ಕೇಳುತ್ತಿದ್ದಾಗ ಅಲ್ಲಿನ ಮಕ್ಕಳ ಮುಂದೆ ಗಿರಗಿರನೆ ತಿರುಗುವ ಒಂದು ಚಕ್ರ ಮಾತ್ರ ಇತ್ತು.

ನಮ್ಮ ರಾಜ್ಯಕ್ಕೂ ಇದು ಹೊಸದಲ್ಲ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾನೂನಿನ ವಿರುದ್ಧದ ಪ್ರತಿಭಟನೆಯ ವೇಳೆ ಪೊಲೀಸ್ ಗೋಲಿಬಾರಿಗೆ ಇಬ್ಬರು ಬಲಿಯಾದಾಗ, ಜಿಲ್ಲೆಯ ಮೊಬೈಲ್ ಇಂಟರ್‌ನೆಟ್ ಕಡಿತಗೊಂಡಿತು. ಯಾರು ಬದುಕಿದ್ದಾರೆ, ಯಾರು ಆಸ್ಪತ್ರೆಯಲ್ಲಿದ್ದಾರೆ ಎಂದು ತಿಳಿಯಬೇಕಾದ ಹೊತ್ತಿನಲ್ಲೇ ತಿಳಿಯುವ ದಾರಿ ಮುಚ್ಚಿತ್ತು. 2020ರ ಜನವರಿ 10ರಂದು ಸುಪ್ರೀಂ ಕೋರ್ಟ್ ಕಾಶ್ಮೀರದ ಪ್ರಕರಣದಲ್ಲಿ ತೀರ್ಪು ನೀಡುತ್ತಾ, ಇಂಟರ್‌ನೆಟ್ಟನ್ನು ಅನಿರ್ದಿಷ್ಟ ಕಾಲ ಸ್ಥಗಿತಗೊಳಿಸುವಂತಿಲ್ಲ, ಆದೇಶವನ್ನು ಬಹಿರಂಗವಾಗಿ ಪ್ರಕಟಿಸಬೇಕು ಎಂದಿತು. 2024ರ ನವೆಂಬರ್‌ನಲ್ಲಿ ಬಂದ ಹೊಸ ನಿಯಮಗಳೂ ಒಂದು ಆದೇಶದ ಅವಧಿ 15 ದಿನ ಮೀರಬಾರದು ಎನ್ನುತ್ತವೆ. ಇದು ನಾಗರಿಕರ ಹಕ್ಕು. ಇದನ್ನು ತಿಳಿದಿರುವವನು ಮಾತ್ರ ಇದನ್ನು ಕೇಳಬಲ್ಲನು.

ಹೊರ ಜಗತ್ತನ್ನು ನೋಡಿ. ಫೆಲೆಸ್ತೀನ್‌ನ ಪಶ್ಚಿಮ ದಂಡೆಗೆ 3ಜಿ ಬಂದದ್ದು 2018ರ ಜನವರಿಯಲ್ಲಿ. ಆ ಹೊತ್ತಿಗೆ ಜಗತ್ತು 5ಜಿಯ ಹೊಸ್ತಿಲಿನಲ್ಲಿತ್ತು. ಗಾಝಾಕ್ಕೆ ಆಗ ಅದೂ ಸಿಗಲಿಲ್ಲ, 2ಜಿಯೇ ಗತಿಯಾಯಿತು. ಏಕೆಂದರೆ ಆ ಆಕಾಶದ ತರಂಗಾಂತರದ ಅನುಮತಿಯೂ ಇಸ್ರೇಲ್‌ನ ಕೈಯಲ್ಲಿದೆ. ಕೊಲ್ಲಿಯ ಕಡೆಗೆ ಬನ್ನಿ. 5ಜಿಯನ್ನು ಬಹು ಬೇಗ ತಂದ ದೇಶಗಳಲ್ಲಿ ಯುಎಇ ಕೂಡಾ ಒಂದು. ಆದರೆ ಅಲ್ಲಿ ದುಡಿಯುವ ನಮ್ಮವರು ವಾಟ್ಸಾಪ್ ಮೂಲಕ ಮನೆಯವರಿಗೆ ಕರೆ ಮಾಡುವುದಕ್ಕೆ ವರ್ಷಾನುಗಟ್ಟಲೆ ನಿರ್ಬಂಧವಿತ್ತೆಂಬುದನ್ನು ಇಲ್ಲಿ ಕುಳಿತಿರುವ ಅನೇಕ ತಾಯಂದಿರು ಅನುಭವದಿಂದ ಬಲ್ಲರು. ಸೌದಿ ಅರೇಬಿಯಾ ಅಂತಹ ನಿರ್ಬಂಧವನ್ನು ಸಡಿಲಿಸಿದ್ದು 2017ರಲ್ಲಿ. ರಸ್ತೆ ಎಷ್ಟೇ ಅಗಲವಾಗಿರಲಿ, ಅಡ್ಡ ಹಾಕಿದ ಗೇಟು ತೆರೆಯದಿದ್ದರೆ ಪ್ರಯೋಜನವೇನು?

ಇನ್ನು ಅಫ್ಘಾನಿಸ್ತಾನ. 2021ರಿಂದ ಅಲ್ಲಿ ಹೆಣ್ಣು ಮಕ್ಕಳಿಗೆ ಆರನೇ ತರಗತಿಯ ಆಚೆಗಿನ ಶಾಲೆಯ ಬಾಗಿಲು ಮುಚ್ಚಿದೆ. ಮನೆಯಲ್ಲೇ ಕುಳಿತು ಇಂಟರ್‌ನೆಟ್ ಮೂಲಕ ಕದ್ದುಮುಚ್ಚಿ ಕಲಿಯುವ ದಾರಿಯೊಂದು ಉಳಿದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅನೈತಿಕತೆಯನ್ನು ತಡೆಯಲೆಂದು ಹೇಳಿ ಮೊದಲು ಕೆಲವು ಪ್ರಾಂತ್ಯಗಳ ಫೈಬರ್ ಸಂಪರ್ಕವನ್ನು ಕಡಿದರು. ಆ ತಿಂಗಳ 29ರಂದು ಇಡೀ ದೇಶದ ಇಂಟರ್‌ನೆಟ್ ನಿಂತು ಹೋಯಿತು. ಎರಡು ದಿನಗಳ ಬಳಿಕ ಅದು ಮರಳಿತು. ಬ್ಯಾಂಕ್ ನಿಂತಿತು, ವಿಮಾನ ನಿಂತಿತು ಎಂದು ಜಗತ್ತು ಬರೆಯಿತು. ಆ ಎರಡು ದಿನ ಪಾಠ ನಿಂತ ಹುಡುಗಿಯರ ಬಗ್ಗೆ ಬರೆದವರು ಕಡಿಮೆ. 'ಓದು' ಎಂಬ ಆದೇಶದಿಂದ ಆರಂಭವಾದ ಧರ್ಮದ ಹೆಸರಿನಲ್ಲಿ ಇದು ನಡೆಯಿತು ಎಂಬುದನ್ನು ನಾವು ತಲೆತಗ್ಗಿಸಿಯೇ ಹೇಳಬೇಕಾಗಿದೆ.

ಎರಡನೆಯದು ಮಾರುಕಟ್ಟೆಯ ಕೀಲಿಕೈ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಒಂದು ಚಿತ್ರವನ್ನು ನೀವೆಲ್ಲ ನೋಡಿರಬಹುದು. ಎಸೆಸೆಲ್ಸಿ ವಿದ್ಯಾರ್ಥಿನಿ ನೆಟ್‌ವರ್ಕ್ ಸಿಗುವ ರಸ್ತೆಯ ಬದಿಗೆ ಬಂದು ಕುಳಿತು ಮಳೆಯಲ್ಲೇ ಪಾಠ ಕೇಳುತ್ತಿದ್ದಾಳೆ. ತಂದೆ ಪಕ್ಕದಲ್ಲಿ ನಿಂತು ಕೊಡೆ ಹಿಡಿದಿದ್ದಾನೆ. ಲಾಭ ಬಾರದ ಕಡೆಗೆ ಕಂಪೆನಿ ಹೋಗುವುದಿಲ್ಲ, ಹೋಗಬೇಕಾದದ್ದು ಸರಕಾರಿ ಕಂಪೆನಿ. ಆದರೆ ಖಾಸಗಿಯವರು 4ಜಿಯಲ್ಲಿ ಓಡುತ್ತಿದ್ದಾಗ ಬಿಎಸ್ಸೆನ್ನೆಲ್‌ಗೆ 4ಜಿ ತರಂಗಾಂತರ ನೀಡುವ ನಿರ್ಧಾರವಾದದ್ದು 2019ರ ಅಕ್ಟೋಬರ್‌ನಲ್ಲಿ. ಅದರ ಬೆನ್ನಿಗೇ ಸುಮಾರು 78 ಸಾವಿರ ನೌಕರರು ಸ್ವಯಂ ನಿವೃತ್ತಿ ಪಡೆದು ಹೊರನಡೆದರು. ಕೊನೆಗೆ 2025ರ ಸೆಪ್ಟೆಂಬರ್ 27ರಂದು ಸ್ವದೇಶಿ ತಂತ್ರಜ್ಞಾನದ 4ಜಿ ಟವರ್‌ಗಳು ಒಡಿಶಾದ ಝಾರ್ಸುಗುಡದಲ್ಲಿ ನಡೆದ ಸಮಾರಂಭದಲ್ಲಿ ದೇಶಕ್ಕೆ ಅರ್ಪಣೆಯಾದವು. ಅದರ ಉಪಕರಣ ತಯಾರಿಸಿದ ತೇಜಸ್ ನೆಟ್‌ವರ್ಕ್ಸ್ ನಮ್ಮ ಬೆಂಗಳೂರಿನ ಕಂಪೆನಿ. ತಡವಾಯಿತು, ಆದರೆ ಆದದ್ದು ಒಳ್ಳೆಯದೇ.

ದರದ ವಿಷಯಕ್ಕೆ ಬನ್ನಿ. ಆರಂಭದಲ್ಲಿ ಉಚಿತವಾಗಿ ಕೊಟ್ಟದ್ದು ಔದಾರ್ಯವಾಗಿರಲಿಲ್ಲ. 2024ರ ಜುಲೈಯಲ್ಲಿ ಮೂರೂ ಖಾಸಗಿ ಕಂಪೆನಿಗಳು ದರ ಏರಿಸಿದವು. ದಿನಕ್ಕೆ ಒಂದೂವರೆ ಜಿಬಿ ಕೊಡುವ, 28 ದಿನಗಳ ಜಿಯೋ ಯೋಜನೆ 239 ರೂಪಾಯಿಯಿಂದ 299 ರೂಪಾಯಿಗೆ ಏರಿತು. ಐದು ಮಂದಿಯ ಕುಟುಂಬಕ್ಕೆ ಆ ದರದಲ್ಲಿ 1,495 ರೂಪಾಯಿ. 28 ದಿನಕ್ಕೊಮ್ಮೆ ಎಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಬಾರಿ. ಮಂಡಕ್ಕಿ ಭಟ್ಟಿಯ ಬೆಂಕಿಯ ಮುಂದೆ ದುಡಿಯುವವನಿಗೆ, ಬೀಡಿ ಸುತ್ತಿ ಸಂಸಾರ ನಡೆಸುವ ತಾಯಿಗೆ ಇದು ಸಣ್ಣ ಮೊತ್ತವಲ್ಲ. ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಸಾಕಾದವರಿಗೆ ಬೇರೆಯೇ ಯೋಜನೆ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2024ರ ಡಿಸೆಂಬರ್‌ನಲ್ಲಿ ಕಂಪೆನಿಗಳಿಗೆ ಕಡ್ಡಾಯ ಮಾಡಿದೆ. ಬಟನ್ ಫೋನ್ ಬಳಸುವ ಹಿರಿಯರಿಗೆ ಇಂಟರ್‌ನೆಟ್ಟಿನ ದುಬಾರಿ ರಿಚಾರ್ಜ್ ಮಾಡಿಸುತ್ತಿರುವವರು ಅಂಗಡಿಯಲ್ಲಿ ಇದನ್ನು ಕೇಳಿ ಪಡೆಯಬೇಕು.

ಇಲ್ಲಿಯೇ ನಮ್ಮ ನಿಜವಾದ ವಿಷಯ ಆರಂಭವಾಗುತ್ತದೆ. ದರ ಏರಿದಾಗ ಐದು ಫೋನ್‌ಗಳ ಮನೆಯಲ್ಲಿ ಯಾವ ಫೋನಿನ ರಿಚಾರ್ಜ್ ಮೊದಲು ನಿಲ್ಲುತ್ತದೆ? ಮಗನದ್ದೇ? ಮನೆಯ ಯಜಮಾನನದ್ದೇ? ನಿಮಗೂ ಗೊತ್ತು, ನಮಗೂ ಗೊತ್ತು. ಮೊದಲು ನಿಲ್ಲುವುದು ಅಮ್ಮನದ್ದು, ಬಳಿಕ ಮಗಳದ್ದು. ಮೂರನೇ ಕೀಲಿಕೈ ಇರುವುದು ನಮ್ಮದೇ ಜೇಬಿನಲ್ಲಿ.

2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾನೇ ಬಳಸುವ ಮೊಬೈಲ್ ಇದೆ ಎಂದ ಮಹಿಳೆಯರು ನೂರರಲ್ಲಿ 54 ಮಂದಿ. ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದೇವೆ ಎಂದ ಪುರುಷರು ನೂರರಲ್ಲಿ 57, ಮಹಿಳೆಯರು 33. ಇದು ಎಲ್ಲ ಧರ್ಮ, ಜಾತಿಗಳ ಒಟ್ಟು ಲೆಕ್ಕ. ನಮ್ಮ ಸಮುದಾಯ ಇದಕ್ಕಿಂತ ಮುಂದಿದೆಯೋ ಹಿಂದಿದೆಯೋ ಎಂಬುದನ್ನು ಲೆಕ್ಕ ಹಾಕಲು ಯಾವ ಸಮೀಕ್ಷೆಯೂ ಬೇಕಿಲ್ಲ. ತಂತಮ್ಮ ಮನೆಯನ್ನು ನೋಡಿಕೊಂಡರೆ ಸಾಕು.

ನಮ್ಮ ಮನೆಯ ಮಾತನ್ನೇ ಹೇಳಿಬಿಡುತ್ತೇವೆ. 2020ರಲ್ಲಿ ಕೊರೋನಾದಿಂದ ಕಾಲೇಜುಗಳು ಮುಚ್ಚಿದಾಗ ನಮ್ಮ ತಂಗಿ ಪಿಯುಸಿಯಲ್ಲಿದ್ದಳು. ಮನೆಯಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್, ಅದು ನಮ್ಮದು. ಪತ್ರಿಕೆಯ ಕೆಲಸಕ್ಕೆ ಅದು ಬೇಕೇ ಬೇಕು ಎಂದು ಬೆಳಿಗ್ಗೆ ಜೇಬಿಗೆ ಹಾಕಿಕೊಂಡು ಹೊರಟರೆ ಬರುವುದು ರಾತ್ರಿ. ಆ ಮೇಲೆ ಅವಳು ಉಪನ್ಯಾಸಕರು ಕಳಿಸಿದ ಪಾಠಗಳನ್ನು ಒಂದೊಂದಾಗಿ ತೆರೆಯುತ್ತಿದ್ದಳು. ನಡುವೆ ನಮಗೆ ಕರೆ ಬಂದರೆ ಅದೂ ನಿಲ್ಲುತ್ತಿತ್ತು. ಒಂದು ರಾತ್ರಿ ನಾವು ಕಾಶ್ಮೀರದ ಮಕ್ಕಳ 2ಜಿ ಸಂಕಟದ ಕುರಿತು ಲೇಖನ ಬರೆಯುತ್ತಾ ಕುಳಿತಿದ್ದೆವು. ಚೆನ್ನಾಗಿ ಬಂದಿದೆ ಎಂಬ ಹೆಮ್ಮೆಯಿಂದ ಅವಳಿಗೆ ಓದಿ ಹೇಳಿದೆವು. ಅವಳು ಪೂರ್ತಿ ಕೇಳಿದಳು. ಬಳಿಕ, "ಭಾಯಿ, ಅವರಿಗೆ 2ಜಿಯಾದರೂ ಇದೆ. ನನಗೆ ಎಷ್ಟನೇ ಜಿ ಎಂದು ಬರೆಯುತ್ತೀರಿ?" ಎಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಉತ್ತರಿಸುವುದು ಸುಲಭವಾಗುತ್ತಿತ್ತು.

ಮರುದಿನ ಸಾಲ ಮಾಡಿ ಒಂದು ಫೋನ್ ತಂದುಕೊಟ್ಟೆವು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಹಾಗಾಗಲಿಲ್ಲ. ಎರಡು ತಿಂಗಳು ಬೇಕಾಯಿತು. ಆ ಎರಡು ತಿಂಗಳಲ್ಲಿ ಅವಳು ಕಳೆದುಕೊಂಡ ಪಾಠಗಳನ್ನು ಲೆಕ್ಕ ಶಾಸ್ತ್ರದ ಅಂಕಪಟ್ಟಿ ಇಂದಿಗೂ ತೋರಿಸುತ್ತದೆ. ಆ ಕಾಲದಲ್ಲಿ ಮನೆಯಲ್ಲಿ ಹಣವೇ ಇರಲಿಲ್ಲ ಎಂದೂ ಹೇಳುವಂತಿಲ್ಲ. ಅದೇ ಅವಧಿಯಲ್ಲಿ ನಮ್ಮ ಬೈಕಿಗೆ ಹೊಸ ಟಯರ್ ಬಂದಿತ್ತು.

ನೆರೆಯ ಕೇರಳದ ಒಂದು ಪ್ರಕರಣವನ್ನು ನಾವೆಲ್ಲ ತಿಳಿದಿರಬೇಕು. ಕೋಝಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹಾಸ್ಟೆಲಿನಲ್ಲಿ ಹುಡುಗಿಯರು ದಿನದ ಕೆಲವು ಗಂಟೆ ಮೊಬೈಲ್ ಒಪ್ಪಿಸಬೇಕೆಂಬ ನಿಯಮವಿತ್ತು. ನಮ್ಮದೇ ಸಮುದಾಯದ ವಿದ್ಯಾರ್ಥಿನಿಯೊಬ್ಬಳು ಅದನ್ನು ಒಪ್ಪದಾಗ ಅವಳನ್ನು ಹಾಸ್ಟೆಲಿನಿಂದ ಹೊರಹಾಕಲಾಯಿತು. ಅವಳು ಹೈಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, ಇಂಟರ್‌ನೆಟ್ ಪಡೆಯುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿ ಅವಳನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಕಾಶ್ಮೀರದ ತೀರ್ಪಿಗಿಂತ ಕೆಲವು ತಿಂಗಳು ಮೊದಲೇ ಬಂದ ತೀರ್ಪು ಇದು. ಸರಕಾರದ ಕೀಲಿಕೈಯನ್ನು ಪ್ರಶ್ನಿಸುವಾಗ ನಾವು ಯಾವ ಹಕ್ಕನ್ನು ಎತ್ತಿ ಹಿಡಿಯುತ್ತೇವೆಯೋ ಅದೇ ಹಕ್ಕನ್ನು ಒಬ್ಬ ಹುಡುಗಿ ಹಾಸ್ಟೆಲಿನ ಬಾಗಿಲಲ್ಲಿ ನಿಂತು ಕೇಳಿದ್ದಳು.

ಇದಕ್ಕೆ ಇನ್ನೊಂದು ಮುಖವೂ ಇದೆ. ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಜಮೆಯಾದ ಸಂದೇಶ ಯಾರ ಫೋನಿಗೆ ಬರುತ್ತದೆ? ಹಣ ತಾಯಿಯ ಹೆಸರಿನಲ್ಲಿ, ಫೋನ್ ನಂಬರ್ ಮಗನದ್ದು. ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿ ವೇತನಕ್ಕೆ ಅರ್ಜಿ ಹಾಕುವುದು ಆನ್‌ಲೈನ್‌ನಲ್ಲಿ. ಅದಕ್ಕೆ ಬರುವ ಒಟಿಪಿ ಅಣ್ಣನ ಫೋನಿಗೆ. ಅಣ್ಣ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರೆ, ಫೋನ್ ಎತ್ತದಿದ್ದರೆ, ನಂಬರ್ ಬದಲಿಸಿದ್ದರೆ ಅರ್ಜಿ ಅಲ್ಲಿಗೇ ನಿಂತಿತು. ಆಧಾರ್‌ಗೆ ಜೋಡಿಸಿದ ನಂಬರ್ ತನ್ನ ಕೈಯಲ್ಲಿಲ್ಲದ ಹೆಣ್ಣು ಮಗಳು ತನ್ನ ಹಕ್ಕಿನ ಹಣಕ್ಕೂ ಇನ್ನೊಬ್ಬರ ಮುಖ ನೋಡಬೇಕು. ಇದು ಸರಕಾರ ಹಾಕಿದ ಬೀಗವಲ್ಲ.

ಈಗ ಇಲ್ಲಿರುವ ತಂದೆಯಂದಿರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇದೆ. ಅದು ನ್ಯಾಯವಾದ ಪ್ರಶ್ನೆಯೂ ಹೌದು. ಫೋನ್ ಕೊಟ್ಟರೆ ಕೆಡುಕು ಬರುವುದಿಲ್ಲವೇ? ಬರುತ್ತದೆ. ಸುಳ್ಳು ಹೆಸರಿನ ಗೆಳೆತನ, ಚಿತ್ರ ತಿರುಚಿ ಬೆದರಿಸುವುದು, ಸಾಲದ ಆ್ಯಪ್‌ಗಳು, ಹಣ ಕಟ್ಟಿ ಆಡುವ ಆಟಗಳು, ಪೊಲೀಸರೆಂದು ವೀಡಿಯೊ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ ಹಣ ದೋಚುವುದು, ಎಲ್ಲವೂ ಇದೆ. ವೇಗದ ನೆಟ್‌ವರ್ಕ್ ಒಳಿತನ್ನು ತರುವ ವೇಗದಲ್ಲೇ ಕೆಡುಕನ್ನೂ ತರುತ್ತದೆ. 2018ರ ಜುಲೈ 13ರಂದು ನಮ್ಮದೇ ರಾಜ್ಯದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬನನ್ನು ಮಕ್ಕಳ ಕಳ್ಳನೆಂದು ಗುಂಪು ಹೊಡೆದು ಕೊಂದಿತು. ಅವನ ಗೆಳೆಯರ ತಂಡ ಮಾಡಿದ ತಪ್ಪು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಸುಳ್ಳು ಸುದ್ದಿ ಅವನ ಕಾರಿಗಿಂತ ಮುಂದೆ, ವಾಟ್ಸಾಪ್‌ನಲ್ಲಿ ಓಡಿತ್ತು. ಬಂದ ಸುದ್ದಿಯನ್ನು ಪರಿಶೀಲಿಸದೆ ಮುಂದೆ ಸಾಗಿಸಬಾರದೆಂಬುದು ನಮಗೆ ಮದರಸಾದ ಮೊದಲ ತರಗತಿಗಳಲ್ಲೇ ಕಲಿಸಿದ ಪಾಠ. ಆದರೂ ನಮ್ಮ ಕುಟುಂಬದ ಗುಂಪುಗಳಲ್ಲಿ ಬೆಳಿಗ್ಗೆ ಬರುವ ಸಂದೇಶಗಳಲ್ಲಿ ಪರಿಶೀಲಿಸಿ ಕಳಿಸಿದವು ಎಷ್ಟು?

ಅಷ್ಟಕ್ಕೂ, ಆ ಗುಂಪಿನಲ್ಲಿ ಸುಳ್ಳು ಸುದ್ದಿಯನ್ನು ಹಂಚಿದವರು ಯಾರು? ಹಣದ ಆಟದಲ್ಲಿ ಅಪ್ಪನ ದುಡಿಮೆಯನ್ನು ಕಳೆಯುವವರು ಯಾರು? ಹುಡುಗಿಯರ ಚಿತ್ರವನ್ನು ತಿರುಚುವವರು ಯಾರು? ಬಹುಪಾಲು ನಮ್ಮ ಗಂಡು ಮಕ್ಕಳ ವಯಸ್ಸಿನವರು. ಕೆಡುಕು ಮಾಡುವ ಸಾಧ್ಯತೆ ಇರುವವನ ಕೈಗೆ 5ಜಿ ಫೋನ್ ಕೊಟ್ಟು, ಕೆಡುಕಿಗೆ ಗುರಿಯಾಗುವವಳ ಕೈಯಿಂದ ಫೋನ್ ಕಿತ್ತುಕೊಳ್ಳುವುದು ಯಾವ ನ್ಯಾಯ? ಅನೈತಿಕತೆಯನ್ನು ತಡೆಯಲೆಂದು ಇಡೀ ದೇಶದ ತಂತಿ ಕಡಿದವರನ್ನು ನಾವು ಟೀಕಿಸಿದೆವು. ಅದೇ ಕಾರಣ ಹೇಳಿ ಮನೆಯ ಒಂದು ಕೋಣೆಯ ತಂತಿಯನ್ನು ನಾವು ಕಡಿದರೆ ಅಳತೆಯಲ್ಲಿ ವ್ಯತ್ಯಾಸವಿದೆಯೇ ಹೊರತು ತರ್ಕದಲ್ಲಿ ಇಲ್ಲ.

ಹಾಗಾದರೆ ಮಾಡಬೇಕಾದದ್ದೇನು? ನಿಯಮ ಇರಲಿ, ಆದರೆ ಮನೆಯ ಎಲ್ಲರಿಗೂ ಇರಲಿ. ರಾತ್ರಿ ಹತ್ತಕ್ಕೆ ಫೋನ್ ಪಡಸಾಲೆಯ ಮೇಜಿನ ಮೇಲೆ ಎಂದಾದರೆ ಅಪ್ಪನದ್ದೂ, ಮಗನದ್ದೂ ಅಲ್ಲಿಗೇ ಬರಲಿ. ಮಗಳಿಗೆ ಏನಾದರೂ ಬೆದರಿಕೆ ಬಂದರೆ ಮೊದಲು ಬಂದು ಹೇಳುವಷ್ಟು ವಿಶ್ವಾಸ ಮನೆಯಲ್ಲಿರಲಿ. ಹೇಳಿದರೆ ಫೋನ್ ಹೋಗುತ್ತದೆ, ಕಾಲೇಜೂ ಹೋಗುತ್ತದೆ ಎಂಬ ಭಯವಿದ್ದರೆ ಅವಳು ಹೇಳುವುದಿಲ್ಲ. ಬೆದರಿಸುವವನ ಅತಿ ದೊಡ್ಡ ಆಯುಧ ಆ ಭಯವೇ. ಹಣ ವಂಚನೆಯಾದರೆ ಕೂಡಲೇ 1930ಕ್ಕೆ ಕರೆ ಮಾಡಿ. ತಡ ಮಾಡಿದಷ್ಟೂ ಹಣ ಮರಳುವ ದಾರಿ ಕಿರಿದಾಗುತ್ತದೆ. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ಕೇಂದ್ರ ಸರಕಾರದ 'ಸಂಚಾರ್ ಸಾಥಿ' ತಾಣದಲ್ಲಿ ನೋಡಬಹುದು, ಕಳೆದುಹೋದ ಫೋನನ್ನು ಅಲ್ಲೇ ನಿಷ್ಕ್ರಿಯಗೊಳಿಸಬಹುದು. ಇವನ್ನೆಲ್ಲ ಗೊತ್ತಿರುವ ಹುಡುಗರು ಗೊತ್ತಿಲ್ಲದ ತಾಯಂದಿರಿಗೆ ಕಲಿಸಿಕೊಡಬೇಕು. ಕಲಿಸುವಾಗ "ಕೊಡಿ, ನಾನೇ ಮಾಡುತ್ತೇನೆ" ಎಂದು ಕಸಿದುಕೊಳ್ಳದೆ, ಅವರ ಬೆರಳಿನಿಂದಲೇ ಮಾಡಿಸಬೇಕು.

ಮುಗಿಸುವ ಮೊದಲು ಈ ಊರಿನ ಒಂದು ನೆನಪು. ದಾವಣಗೆರೆಯನ್ನು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಹತ್ತಿ ಗಿರಣಿಗಳ ಸೈರನ್‌ಗೆ ಈ ಊರು ಎದ್ದು ಮಲಗುತ್ತಿತ್ತು. ಪಕ್ಕದ ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಇತ್ತು. ಯಂತ್ರಗಳು ಬಂದವು, ಒಂದು ತಲೆಮಾರಿಗೆ ಅನ್ನ ಕೊಟ್ಟವು, ಮುಚ್ಚಿ ಹೋದವು. ಯಂತ್ರದ ವಿದ್ಯೆ ಕಲಿತವನು ಬೇರೆ ಊರಿನಲ್ಲಿ ಬದುಕು ಕಂಡುಕೊಂಡನು. ಮೈಯ ಶ್ರಮವೊಂದನ್ನೇ ಕೊಟ್ಟವನು ಮಂಡಕ್ಕಿ ಭಟ್ಟಿಗೋ, ತಳ್ಳುಗಾಡಿಗೋ ಮರಳಿದನು. ಈಗ ಬಂದಿರುವುದು ಸದ್ದಿಲ್ಲದ ಯಂತ್ರ. ಅದು ಟವರಿನ ಮೇಲಿದೆ, ನೆಲದ ಕೆಳಗಿದೆ, ಅಂಗೈಯಲ್ಲಿದೆ. ನಮ್ಮ ಹುಡುಗರು ಇದರಲ್ಲಿ ವೀಡಿಯೊ ನೋಡುವ ಗಿರಾಕಿಗಳಾಗಿ ಉಳಿಯುತ್ತಾರೋ, ಫೈಬರ್ ಜೋಡಿಸುವ, ಉಪಕರಣ ವಿನ್ಯಾಸ ಮಾಡುವ ವಿದ್ಯಾವಂತರಾಗುತ್ತಾರೋ? ನಮ್ಮ ಹುಡುಗಿಯರನ್ನು ಇದರ ಗಿರಾಕಿಗಳಾಗಲೂ ಬಿಡುವುದಿಲ್ಲವೆಂದಾದರೆ ಸಮುದಾಯದ ಅರ್ಧ ಭಾಗವನ್ನು ನಾವೇ ಗಿರಣಿಯ ಗೇಟಿನ ಹೊರಗೆ ನಿಲ್ಲಿಸಿದಂತೆ.

ಆದ್ದರಿಂದ ಇಂದು ರಾತ್ರಿ ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಊಟಕ್ಕೆ ಕುಳಿತಾಗ ಮನೆಯ ಪ್ರತಿಯೊಬ್ಬರ ಆಧಾರ್‌ಗೆ ಯಾರ ನಂಬರ್ ಜೋಡಿಸಲಾಗಿದೆ ಎಂದು ಕೇಳಿ. ಅಮ್ಮನ ಕಾರ್ಡಿಗೆ ಅಮ್ಮನ ನಂಬರ್ ಇದೆಯೇ? ಮಗಳ ಕಾರ್ಡಿಗೆ ಮಗಳ ನಂಬರ್ ಇದೆಯೇ? ಇಲ್ಲವೆಂದಾದರೆ ನಾಳೆಯೇ ಆಧಾರ್ ಕೇಂದ್ರಕ್ಕೆ ಹೋಗಿ. ದಿಲ್ಲಿಯಿಂದ ದಾವಣಗೆರೆಗೆ ಬರಲು 5ಜಿಗೆ 108 ದಿನ ಸಾಕಾಯಿತು. ನಮ್ಮ ಜೇಬಿನಿಂದ ತಂಗಿಯ ಕೈಗೆ ಒಂದು ಫೋನ್ ದಾಟಲು ಎರಡು ತಿಂಗಳು ಬೇಕಾಯಿತು. ನಿಮ್ಮ ಮನೆಯಲ್ಲಿ ಅಷ್ಟು ತಡವಾಗದಿರಲಿ.